ಆಸ್ತಿಕ, ನಾಸ್ತಿಕ ಮತ್ತು ಒಳಗಿನ ನೆಮ್ಮದಿ

ದೇವರಿದ್ದಾನೆಯೇ ಎಂಬ ಪ್ರಶ್ನೆಯ ಮೇಲೆ ಈ ನೆಲದಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ವಾದ ನಡೆದಿದೆ. ಎರಡೂ ಪಕ್ಷಗಳಲ್ಲಿ ಘಟಾನುಘಟಿಗಳಿದ್ದರು; ಆದರೂ ಎಲ್ಲರೂ ಒಪ್ಪುವ ತೀರ್ಪು ಬಂದಿಲ್ಲ. ಆ ವಾದದ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಹಿಂದೆ ಸರಿದಿದೆ. ಮಗು ಕಾಯಿಲೆ ಬಿದ್ದ ರಾತ್ರಿ, ಹೆತ್ತವರನ್ನು ಮಣ್ಣು ಮಾಡಿ ಬಂದ ಸಂಜೆ, ದುಡಿದದ್ದೆಲ್ಲ ಕೈಬಿಟ್ಟ ದಿನ ಮನುಷ್ಯನನ್ನು ಹಿಡಿದು ನಿಲ್ಲಿಸುವುದು ಯಾವುದು? ನಂಬಿದವರಿಗೆ ಸಿಗುವ ಧೈರ್ಯ, ಸಮಾಧಾನ, ಬಾಳಿಗೊಂದು ಅರ್ಥವಿದೆಯೆಂಬ ಭರವಸೆ ನಂಬದವರಿಗೂ ಸಿಗುತ್ತದೆಯೇ? ಸಿಗುವುದಾದರೆ ಎಲ್ಲಿಂದ? ಈ ಲೇಖನದ ವಿಷಯ ಆ ಎರಡನೆಯ ಪ್ರಶ್ನೆ.

ಇದು ಪಂಡಿತರ ಮನೆಯ ಪ್ರಶ್ನೆ ಮಾತ್ರವಲ್ಲ. ತಿರುಪತಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತ ತಾಯಿ, ಹರಕೆಯಲ್ಲಿ ನಂಬಿಕೆಯಿಲ್ಲದ ಮಗಳು ಒಂದೇ ಸೂರಿನಡಿ ಇದ್ದಾರೆ. ತಂದೆಯ ತಿಥಿಗೆ ಪಂಚೆಯುಟ್ಟು ಕುಳಿತ ಮಗನಿಗೆ ಪಿಂಡ ಎಲ್ಲಿಗೂ ಮುಟ್ಟುವುದಿಲ್ಲ ಎಂದು ಒಳಗೊಳಗೇ ಅನ್ನಿಸುತ್ತಿರುತ್ತದೆ. ರಾಹುಕಾಲ ನೋಡದೆ ಮನೆಯಿಂದ ಹೊರಡದ ಎಂಜಿನಿಯರ್ ಇದ್ದಾರೆ. ದೇವರಿಗೆ ಕೈಮುಗಿಯದೆಯೂ ಊರ ಜಾತ್ರೆಗೆ ತಪ್ಪದೆ ಬಂದು ತೇರು ಎಳೆಯುವವರೂ ಇದ್ದಾರೆ. ಜಗಳವಾಗಬಾರದೆಂದು ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಆ ಮೌನದಿಂದ ನಂಬಿದವರಿಗೂ ನಷ್ಟ, ನಂಬದವರಿಗೂ ನಷ್ಟ.

ಎಣಿಕೆ ಹೇಳುವುದೇನು?

ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2019–20ರಲ್ಲಿ ಭಾರತದ ಸುಮಾರು 30,000 ವಯಸ್ಕರನ್ನು 17 ಭಾಷೆಗಳಲ್ಲಿ ಮಾತನಾಡಿಸಿ, 2021ರಲ್ಲಿ ವರದಿ ಪ್ರಕಟಿಸಿತು. ನೂರಕ್ಕೆ 97 ಮಂದಿ ದೇವರನ್ನು ನಂಬುತ್ತೇವೆ ಎಂದರು. ಸುಮಾರು 80 ಮಂದಿ ತಮಗೆ ಆ ವಿಷಯದಲ್ಲಿ ಎಳ್ಳಷ್ಟೂ ಸಂಶಯವಿಲ್ಲ ಎಂದರು. ಬೌದ್ಧರಲ್ಲಿ ಮಾತ್ರ ಮೂರನೆಯ ಒಂದು ಭಾಗದಷ್ಟು ಜನ ದೇವರನ್ನು ನಂಬುವುದಿಲ್ಲವೆಂದು ಹೇಳಿದರು. 2011ರ ಜನಗಣತಿಯಲ್ಲಿ ಧರ್ಮ ಯಾವುದೆಂದು ತಿಳಿಸದವರು ಸುಮಾರು 28.7 ಲಕ್ಷ, ಒಟ್ಟು ಜನಸಂಖ್ಯೆಯಲ್ಲಿ ಶೇಕಡಾ ಕಾಲು ಭಾಗವೂ ಅಲ್ಲ.

ಜಗತ್ತಿನ ಚಿತ್ರ ಬೇರೆ. ಪ್ಯೂ ಸಂಸ್ಥೆಯದೇ ಲೆಕ್ಕದ ಪ್ರಕಾರ 2020ರಲ್ಲಿ ಯಾವ ಧರ್ಮಕ್ಕೂ ಸೇರಿದವರಲ್ಲವೆಂದು ಹೇಳಿಕೊಂಡವರು ಸುಮಾರು 190 ಕೋಟಿ. ಅಂದರೆ ಭೂಮಿಯ ಮೇಲಿನ ನಾಲ್ವರಲ್ಲಿ ಹೆಚ್ಚು ಕಡಿಮೆ ಒಬ್ಬರು. ಅವರಲ್ಲಿ ಬಹುಪಾಲು ಚೀನಾದವರು. ಇವರೆಲ್ಲ ನಾಸ್ತಿಕರೇನಲ್ಲ. ಅಮೆರಿಕದಲ್ಲಿ ತಾವು ಧಾರ್ಮಿಕರಲ್ಲದಿದ್ದರೂ ತಮ್ಮದು ಆಧ್ಯಾತ್ಮಿಕ ಬದುಕು ಎನ್ನುವವರು ವಯಸ್ಕರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚಿದ್ದಾರೆಂದು 2023ರ ಇನ್ನೊಂದು ಸಮೀಕ್ಷೆ ತೋರಿಸಿತು.

ಈ ಎಣಿಕೆಗಳಿಗೆ ಒಂದು ಮಿತಿಯಿದೆ. ಮನೆಬಾಗಿಲಿಗೆ ಬಂದ ಅಪರಿಚಿತರ ಮುಂದೆ ನನಗೆ ದೇವರಲ್ಲಿ ನಂಬಿಕೆಯಿಲ್ಲ ಎಂದು ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅದರಲ್ಲೂ ಹೆಣ್ಣುಮಕ್ಕಳಿಗೆ, ಊರಿನಲ್ಲಿ ಬಾಳಬೇಕಾದವರಿಗೆ? ನಂಬುತ್ತೇನೆ ಎಂದ 97 ಮಂದಿಯ ಒಳಗೆ ಹರಕೆಯವರು, ಧ್ಯಾನದವರು, ಅಭ್ಯಾಸಬಲದವರು, ಹಿರಿಯರ ಮಾತು ಮೀರಲಾರದವರು, ಕಷ್ಟ ಬಂದಾಗ ಮಾತ್ರ ನೆನೆಯುವವರು ಎಲ್ಲರೂ ಇದ್ದಾರೆ.

ನಮ್ಮದೇ ಹಳೆಯ ವಾದ

ನಾಸ್ತಿಕತೆ ಪಶ್ಚಿಮದಿಂದ ಬಂದ ಸರಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. ಋಗ್ವೇದದ ನಾಸದೀಯ ಸೂಕ್ತವೇ ಸೃಷ್ಟಿಯ ಮೂಲವನ್ನು ವಿಚಾರಿಸುತ್ತ ಹೋಗಿ ಸಂಶಯದಲ್ಲಿ ಮುಗಿಯುತ್ತದೆ. ಷಡ್ದರ್ಶನಗಳಲ್ಲಿ ಒಂದಾದ ಸಾಂಖ್ಯ, ಪುರುಷ ಮತ್ತು ಪ್ರಕೃತಿ ಎಂಬ ಎರಡರಿಂದಲೇ ಜಗತ್ತನ್ನು ವಿವರಿಸುತ್ತದೆ. ಅಲ್ಲಿ ಈಶ್ವರನಿಗೆ ಕೆಲಸವಿಲ್ಲ. ವೇದವನ್ನು ತಲೆಯ ಮೇಲೆ ಹೊತ್ತ ಪೂರ್ವಮೀಮಾಂಸಕರಲ್ಲಿ ಅಗ್ರಗಣ್ಯನಾದ ಕುಮಾರಿಲಭಟ್ಟ, ಜಗತ್ತನ್ನು ಒಬ್ಬ ಕರ್ತೃ ಸೃಷ್ಟಿಸಿದನೆಂಬ ವಾದವನ್ನು ‘ಶ್ಲೋಕವಾರ್ತಿಕ’ದಲ್ಲಿ ಖಂಡಿಸಿದ್ದಾನೆ. ಇದಕ್ಕೆ ಎದುರಾಗಿ ನೈಯಾಯಿಕನಾದ ಉದಯನ ‘ನ್ಯಾಯಕುಸುಮಾಂಜಲಿ’ ಬರೆದು ಈಶ್ವರನ ಇರವನ್ನು ತರ್ಕದಿಂದಲೇ ಸಾಧಿಸಲು ಹೊರಟ. ಇಲ್ಲ ಎಂದವನಿಗೂ ಇದ್ದಾನೆ ಎಂದವನಿಗೂ ಒಂದೇ ಅಂಗಳದಲ್ಲಿ ಜಾಗವಿತ್ತು.

ಕನ್ನಡ ನಾಡಿಗೆ ಈ ವಾದದಲ್ಲಿ ದೊಡ್ಡ ಪಾಲಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಆದಿಪುರಾಣ’ದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಎಳೆಎಳೆಯಾಗಿ ಬಿಡಿಸಿ ಪ್ರಶ್ನಿಸುವ ಭಾಗವಿದೆ. ಸೃಷ್ಟಿಗೆ ಮುನ್ನ ಆತ ಎಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಪರಿಪೂರ್ಣನಿಗೆ ಸೃಷ್ಟಿಸುವ ಬಯಕೆ ಏಕೆ ಬಂತು ಎಂಬಂಥ ಪ್ರಶ್ನೆಗಳು ಇಂದಿನ ವಿಚಾರವಾದಿಯ ಪ್ರಶ್ನೆಗಳಿಗಿಂತ ಹಿಂದೆ ಬಿದ್ದಿಲ್ಲ. ಇದೇ ಗ್ರಂಥದ ಕಥೆಯನ್ನು 941ರಲ್ಲಿ ಪಂಪ ಕನ್ನಡಕ್ಕೆ ತಂದ. ನಾಲ್ಕು ಶತಮಾನ ಕಳೆದ ಮೇಲೆ, ವಿಜಯನಗರದ ಮಾಧವಾಚಾರ್ಯರದೆಂದು ಹೇಳಲಾಗುವ ‘ಸರ್ವದರ್ಶನಸಂಗ್ರಹ’ ಮೊದಲ ಅಧ್ಯಾಯವನ್ನೇ ಚಾರ್ವಾಕರಿಗೆ ಮೀಸಲಿಟ್ಟಿತು. ಚಾರ್ವಾಕರ ಮೂಲಗ್ರಂಥಗಳು ಉಳಿಯಲಿಲ್ಲ; ಅವರ ಮಾತು ನಮಗೆ ತಲುಪಿದ್ದು ಬಹುಮಟ್ಟಿಗೆ ಎದುರಾಳಿಗಳ ಬರಹದಿಂದ. ಒಪ್ಪದ ಮತವನ್ನೂ ಮೊದಲು ಸರಿಯಾಗಿ ಹೇಳಿ ಆಮೇಲೆ ಖಂಡಿಸುವ ಪೂರ್ವಪಕ್ಷದ ಶಿಸ್ತು ನಮ್ಮಲ್ಲಿ ಇದ್ದುದರಿಂದಲೇ ಅಷ್ಟಾದರೂ ಉಳಿಯಿತು.

ಶ್ರವಣಬೆಳಗೊಳದ ಬೆಟ್ಟ ಹತ್ತಿದವರಿಗೆ ಈ ಚರ್ಚೆಯ ಇನ್ನೊಂದು ಮುಖ ಕಾಣುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿಯ ಬಾಹುಬಲಿ ಜಗತ್ತನ್ನು ಸೃಷ್ಟಿಸಿದವನಲ್ಲ, ವರ ಕೊಡುವವನೂ ಅಲ್ಲ. ಗೆದ್ದ ರಾಜ್ಯವನ್ನು ಬಿಟ್ಟು ನಿಂತ ಮನುಷ್ಯ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕದಲ್ಲಿ ಲಕ್ಷಾಂತರ ಜನ ಅವನ ಮುಂದೆ ತಲೆಬಾಗುತ್ತಾರೆ. ಸೃಷ್ಟಿಕರ್ತನಿಲ್ಲದ ಧರ್ಮವೊಂದು ಭಕ್ತಿ, ತಪಸ್ಸು, ಶಾಂತಿಗಳನ್ನು ಎರಡು ಸಾವಿರ ವರ್ಷಗಳಿಗೂ ಮೀರಿ ಕಾಪಾಡಿಕೊಂಡು ಬಂದಿರುವಾಗ, ದೇವರನ್ನು ಒಪ್ಪದವನಿಗೆ ಅಧ್ಯಾತ್ಮವಿಲ್ಲ ಎಂಬ ಮಾತು ನಿಲ್ಲುವುದಿಲ್ಲ.

ದೇವಾಲಯದ ಹೊರಗೆ ಹುಡುಕಿದವರು

ಹನ್ನೆರಡನೆಯ ಶತಮಾನದ ಶರಣರು ದೇವರನ್ನು ಬಿಡಲಿಲ್ಲ, ದೇವರ ದಲ್ಲಾಳಿಗಳನ್ನು ಬಿಟ್ಟರು. ಸ್ಥಾವರವಾದ ಗುಡಿಯ ಬದಲು ಅಂಗೈಯ ಇಷ್ಟಲಿಂಗ. ಪುರೋಹಿತನ ಬದಲು ಸ್ವಂತ ಅನುಭಾವ. ಯಜ್ಞದ ಬದಲು ಕಾಯಕ ಮತ್ತು ದಾಸೋಹ. ಸಮಗಾರ ಹರಳಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಕಸ ಗುಡಿಸುವ ಸತ್ಯಕ್ಕ ಇವರೆಲ್ಲ ತಮ್ಮ ದುಡಿಮೆಯ ನಡುವೆಯೇ ಪರಮಾರ್ಥವನ್ನು ಕಂಡುಕೊಂಡರು. ಅವರ ಬೋಧೆಯ ಅರ್ಧ ಭಾಗ ನಂಬಿಕೆಯನ್ನು ಕುರಿತದ್ದು. ಉಳಿದರ್ಧ, ಕುರುಡುನಂಬಿಕೆಯ ವಿರುದ್ಧ ಇಂದಿಗೂ ಮೊನೆ ಕಳೆದುಕೊಳ್ಳದ ಟೀಕೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಶಿಶುನಾಳದ ಷರೀಫರು ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದರು. ಮುಸ್ಲಿಂ ಮನೆತನದ ಶಿಷ್ಯ, ಬ್ರಾಹ್ಮಣ ಗುರು. ಇಬ್ಬರೂ ತಮ್ಮತಮ್ಮ ಜಾತಿಯವರ ಆಕ್ಷೇಪಣೆಗೆ ತಲೆಕೆಡಿಸಿಕೊಳ್ಳಲಿಲ್ಲ. ಯಾವ ಮತದ ಬೇಲಿಯೊಳಗೂ ಹಿಡಿಯದ ತೃಪ್ತಿಯನ್ನು ಷರೀಫರ ತತ್ವಪದಗಳು ಉತ್ತರ ಕರ್ನಾಟಕದ ಹಳ್ಳಿಹಳ್ಳಿಯ ಭಜನೆಯ ಮೇಳಗಳಲ್ಲಿ ಇಂದಿಗೂ ಹಂಚುತ್ತಿವೆ. ಸಂಸ್ಥೆಯ ಧರ್ಮ ಮತ್ತು ಒಳಗಿನ ಧರ್ಮ ಬೇರೆಬೇರೆ ಎಂಬ ತಿಳಿವು ಕನ್ನಡಿಗರಿಗೆ ಹೊಸತೇನಲ್ಲ.

ಕನ್ನಡದ ಐದು ಬಾಳುಗಳು

ಇಪ್ಪತ್ತನೆಯ ಶತಮಾನದ ಕನ್ನಡ ನಾಡಿನಲ್ಲಿ ಈ ಪ್ರಶ್ನೆಯನ್ನು ಬಾಳಿ ತೋರಿಸಿದ ಐವರನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು.

ಮೊದಲನೆಯವರು ಕುವೆಂಪು. ಯೌವನದಲ್ಲಿ ಮೈಸೂರಿನ ರಾಮಕೃಷ್ಣಾಶ್ರಮದಲ್ಲಿ ವಾಸ, 1929ರಲ್ಲಿ ಬೇಲೂರು ಮಠದಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ. ರಾಮಕೃಷ್ಣರ, ವಿವೇಕಾನಂದರ ಜೀವನಚರಿತ್ರೆಗಳನ್ನು ಬರೆದರು. ‘ಶ್ರೀ ರಾಮಾಯಣ ದರ್ಶನಂ’ ಅವರ ತಪಸ್ಸಿನ ಫಲ. ಅದೇ ಕುವೆಂಪು ಪುರೋಹಿತಶಾಹಿಯನ್ನು, ಜಾತಿಯನ್ನು, ಪಂಚಾಂಗದ ಗುಲಾಮಗಿರಿಯನ್ನು ಕಟುವಾಗಿ ಟೀಕಿಸಿದರು. ಅವರ ‘ಜಲಗಾರ’ ನಾಟಕದಲ್ಲಿ ಗುಡಿಗೆ ಹೋಗಲಾಗದ ಪೌರಕಾರ್ಮಿಕನಿಗೆ ಶಿವ ತಾನೇ ಜಲಗಾರನಾಗಿ ಬೀದಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಪುರೋಹಿತರಿಲ್ಲದ, ಮುಹೂರ್ತವಿಲ್ಲದ ಸರಳ ಮದುವೆಗಾಗಿ ಅವರು ರೂಪಿಸಿದ ಮಂತ್ರಮಾಂಗಲ್ಯದ ಪ್ರಕಾರವೇ 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆಯಿತು. ಆಳವಾದ ಭಕ್ತಿ ಮತ್ತು ನಿರ್ದಾಕ್ಷಿಣ್ಯ ವಿಚಾರಶಕ್ತಿ ಒಬ್ಬರಲ್ಲೇ ಇರಬಹುದೆಂಬುದಕ್ಕೆ ಅವರೇ ಸಾಕ್ಷಿ.

ಎರಡನೆಯವರು ಶಿವರಾಮ ಕಾರಂತರು. ತಮಗೆ ತಿಳಿಯದ ದೇವರ ಬಗ್ಗೆ ತಿಳಿದಂತೆ ಮಾತನಾಡಲು ಅವರು ಒಪ್ಪಲಿಲ್ಲ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಎಂಬತ್ತು ದಾಟಿದ ವಿಧವೆ ಅಜ್ಜಿಯೊಬ್ಬಳು ದೇವರುಗಳು ಮನುಷ್ಯನ ಮನಸ್ಸಿನಲ್ಲಿ ಹುಟ್ಟಿ ಬೆಳೆದ ಬಗೆಯನ್ನು ಮೊಮ್ಮಗ ಸುಬ್ಬರಾಯನ ಮುಂದೆ ಬಿಚ್ಚಿಡುತ್ತಾಳೆ. 1977ರ ಜ್ಞಾನಪೀಠ ಪ್ರಶಸ್ತಿ ಆ ಕೃತಿಗೆ ಬಂತು. ಕಾರಂತರ ತೃಪ್ತಿಯ ಮೂಲಗಳು ಕಡಲು, ಕಾಡು, ಯಕ್ಷಗಾನ, ಮಕ್ಕಳಿಗಾಗಿ ಬರೆದ ವಿಜ್ಞಾನ, ಕೈಗಾ ಅಣುಸ್ಥಾವರದ ವಿರುದ್ಧ ಇಳಿವಯಸ್ಸಿನಲ್ಲೂ ನಡೆಸಿದ ಹೋರಾಟ. 95 ವರ್ಷದ ಅವರ ತುಂಬುಬಾಳಿನಲ್ಲಿ ಬರಿದೆಂಬ ಮಾತಿಗೆ ಜಾಗವಿರಲಿಲ್ಲ.

ಮೂರನೆಯವರು ಎಚ್. ನರಸಿಂಹಯ್ಯನವರು. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯ ಹುಡುಗ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡವರು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ರಚಿಸಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೂ ಪತ್ರ ಬರೆದರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದೇ ವಿದ್ಯಾರ್ಥಿಗಳಿಗೆ ಅವರ ಉಪದೇಶ. ಖಾದಿ ಉಟ್ಟು, ಮದುವೆಯಾಗದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ ಬದುಕಿ 2005ರಲ್ಲಿ ತೀರಿಕೊಂಡರು. ಸನ್ಯಾಸಿಯ ಬದುಕಿಗೂ ಆ ವಿಚಾರವಾದಿಯ ಬದುಕಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಕಾಣದು.

ನಾಲ್ಕನೆಯವರು ಎ.ಎನ್. ಮೂರ್ತಿರಾಯರು. ಕನ್ನಡದ ಲಲಿತಪ್ರಬಂಧಕ್ಕೆ ಮೃದುತ್ವ ತಂದವರು. ತೊಂಬತ್ತು ದಾಟಿದ ಮೇಲೆ ‘ದೇವರು’ ಎಂಬ ಪುಸ್ತಕ ಬರೆದು, ಸರ್ವಶಕ್ತನೂ ದಯಾಮಯನೂ ಆದ ದೇವರೆಂಬ ಕಲ್ಪನೆಯನ್ನು ತರ್ಕದ ಒರೆಗೆ ಹಚ್ಚಿ, ತಮಗೆ ನಂಬಲಾಗದು ಎಂದರು. ಸಾವು ಹತ್ತಿರವಾದಂತೆ ಎಲ್ಲರೂ ದೇವರ ಕಡೆ ತಿರುಗುತ್ತಾರೆ ಎನ್ನುವವರಿಗೆ ಅದೊಂದು ಸೌಮ್ಯವಾದ ಉತ್ತರ. ಆ ಬಳಿಕವೂ ವರ್ಷಗಟ್ಟಲೆ ಬಾಳಿ, ನೂರು ದಾಟಿಯೇ ಅವರು ಹೋದದ್ದು.

ಐದನೆಯವರು ಡಿ.ವಿ. ಗುಂಡಪ್ಪನವರು. ನಂಬಿಕೆ ಮತ್ತು ಸಂಶಯದ ನಡುವಿನ ಹೊಸ್ತಿಲಿನ ಮೇಲೆ ಪ್ರಾಮಾಣಿಕವಾಗಿ ನಿಂತವರು. 1943ರ ‘ಮಂಕುತಿಮ್ಮನ ಕಗ್ಗ’ದಲ್ಲಿ ದೇವರನ್ನು ಪ್ರಶ್ನಿಸುವ, ವಿಧಿಯನ್ನು ಕೆಣಕುವ, ಕೊನೆಗೆ ಶರಣಾಗುವ ಪದ್ಯಗಳು ಒಂದರ ಪಕ್ಕ ಒಂದಿವೆ. ಶಿಕ್ಷಕರು, ಗುಮಾಸ್ತರು, ವ್ಯಾಪಾರಿಗಳು ಆ ಪುಸ್ತಕವನ್ನು ಇಂದಿಗೂ ಬಾಯಿಪಾಠ ಮಾಡುತ್ತಿರುವುದಕ್ಕೆ ಕಾರಣವಿದೆ: ಬಹುಪಾಲು ಜನರ ಮನಸ್ಸು ಇರುವುದು ಆ ಹೊಸ್ತಿಲಿನ ಮೇಲೆಯೇ.

ಈ ಐವರಲ್ಲಿ ಭಕ್ತರಿದ್ದಾರೆ, ಸಂಶಯಿಗಳಿದ್ದಾರೆ, ನಂಬದವರಿದ್ದಾರೆ. ಯಾರ ಬಾಳೂ ಟೊಳ್ಳಾಗಲಿಲ್ಲ. ದೇವರ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಮೂರು ಸಂಗತಿಗಳು ಅವರಲ್ಲಿ ಸಮಾನ. ತಮ್ಮ ನಿಲುವನ್ನು ಅವರು ಸ್ವತಃ ಯೋಚಿಸಿ ಗಳಿಸಿದರು, ಯಾರಿಂದಲೂ ಎರವಲು ತರಲಿಲ್ಲ. ತಮಗಿಂತ ದೊಡ್ಡದಾದ ಒಂದು ಕೆಲಸಕ್ಕೆ ಬಾಳನ್ನು ಕೊಟ್ಟರು. ಆಡಿದ್ದಕ್ಕೂ ಮಾಡಿದ್ದಕ್ಕೂ ಅಂತರ ಬಾರದಂತೆ ನೋಡಿಕೊಂಡರು.

ಗಾಂಧಿಯ ಆಶ್ರಮದಲ್ಲಿ ಒಬ್ಬ ನಾಸ್ತಿಕ

ಕರ್ನಾಟಕದ ಆಚೆಗೂ ಇದೇ ಮಾತಿಗೆ ಸಾಕ್ಷಿಗಳಿವೆ. ಆಂಧ್ರದ ಗೋಪರಾಜು ರಾಮಚಂದ್ರರಾವ್, ಅಂದರೆ ಗೋರಾ, ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು. ನಾಸ್ತಿಕತೆಯ ಕಾರಣಕ್ಕೆ ಕೆಲಸ ಕಳೆದುಕೊಂಡರು. 1940ರಲ್ಲಿ ನಾಸ್ತಿಕ ಕೇಂದ್ರ ಸ್ಥಾಪಿಸಿ ಅಸ್ಪೃಶ್ಯತೆಯ ವಿರುದ್ಧ ಸಹಪಂಕ್ತಿ ಭೋಜನ, ಅಂತರ್ಜಾತಿ ವಿವಾಹಗಳನ್ನು ನಡೆಸಿದರು. ಅವರ ಹೆಂಡತಿ ಸರಸ್ವತಿ ಬಸುರಿಯಾಗಿದ್ದಾಗಲೇ ಗ್ರಹಣದ ಹೊತ್ತಿನಲ್ಲಿ ಎಲ್ಲರೆದುರು ಹೊರಗೆ ಬಂದು ಊರವರ ಭಯವನ್ನು ಕಳೆದರು. 1944ರಿಂದ ಗೋರಾ ಸೇವಾಗ್ರಾಮದಲ್ಲಿ ಗಾಂಧೀಜಿಯೊಂದಿಗೆ ದೀರ್ಘವಾಗಿ ಚರ್ಚಿಸಿದರು. ದಿನವೂ ಪ್ರಾರ್ಥನೆ ಮಾಡುತ್ತಿದ್ದ ಗಾಂಧೀಜಿ ಗೋರಾರನ್ನು ಬದಲಿಸಲು ಹೋಗಲಿಲ್ಲ. ಗೋರಾ ಅವರ ಮಗಳ ಅಂತರ್ಜಾತಿ ಮದುವೆಯ ಪ್ರತಿಜ್ಞೆಯಲ್ಲಿ ದೇವರ ಹೆಸರಿನ ಬದಲು ಸತ್ಯದ ಹೆಸರು ಇರಲಿ ಎಂಬುದಕ್ಕೆ ಒಪ್ಪಿದರು. ದೇವರೇ ಸತ್ಯ ಎನ್ನುತ್ತಿದ್ದವರು ಸತ್ಯವೇ ದೇವರು ಎಂಬಲ್ಲಿಗೆ ಬಂದದ್ದು ಏಕೆಂದು 1931ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಗಾಂಧೀಜಿ ವಿವರಿಸಿದ್ದರು. ದೇವರನ್ನು ಅಲ್ಲಗಳೆಯುವವನೂ ಸತ್ಯವನ್ನು ಅಲ್ಲಗಳೆಯಲಾರ ಎಂಬುದು ಆ ವಿವರಣೆಯ ಸಾರ.

ಆ ವಿವರಣೆಗೂ ತುಸು ಮುನ್ನ ಲಾಹೋರಿನ ಜೈಲಿನಲ್ಲಿ ಭಗತ್ ಸಿಂಗ್ ತಾನೇಕೆ ನಾಸ್ತಿಕ ಎಂಬ ಪ್ರಬಂಧ ಬರೆದ. ನಂಬಿಕೆ ಕಷ್ಟವನ್ನು ಹಗುರಗೊಳಿಸುತ್ತದೆ, ಸಾವನ್ನೂ ಹಿತವಾಗಿಸಬಲ್ಲದು ಎಂಬುದನ್ನು ಅವನು ಮುಚ್ಚಿಡಲಿಲ್ಲ. ಆ ಆಸರೆಯಿಲ್ಲದೆ ಗಲ್ಲಿಗೆ ನಡೆಯುವ ಶಕ್ತಿ ತನ್ನ ಆದರ್ಶದಿಂದ ಬರಬೇಕೆಂದು ತಿಳಿದೇ 1931ರ ಮಾರ್ಚ್ 23ರಂದು, 23ರ ವಯಸ್ಸಿನಲ್ಲಿ, ಹಾಗೆ ನಡೆದ.

ಅಂಬೇಡ್ಕರ್ ಅವರ ದಾರಿ ಮೂರನೆಯದು. ಹಿಂದೂವಾಗಿ ಸಾಯುವುದಿಲ್ಲವೆಂದು 1935ರಲ್ಲಿ ಯೇವಲೆಯಲ್ಲಿ ಘೋಷಿಸಿ, ಎರಡು ದಶಕ ಅಧ್ಯಯನ ಮಾಡಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಮನುಷ್ಯನಿಗೆ ಧರ್ಮ ಬೇಕು. ಆದರೆ ಆ ಧರ್ಮದ ನಡುಮನೆಯಲ್ಲಿ ದೇವರಲ್ಲ, ಮನುಷ್ಯ ಮನುಷ್ಯನೊಡನೆ ಹೇಗಿರಬೇಕೆಂಬ ನೀತಿ ಇರಬೇಕು ಎಂಬುದು ಅವರ ನಿಲುವು. ಬರಿಯ ನಿರಾಕರಣೆಯಿಂದ ಸಮುದಾಯವೊಂದು ತಲೆಯೆತ್ತಿ ನಿಲ್ಲಲಾರದೆಂದು ಅವರಿಗೆ ಗೊತ್ತಿತ್ತು.

ನಂಬಿದವರ ಸಂಶಯ

ನಂಬಿದವರಿಗೆ ನೆಮ್ಮದಿ ಕಟ್ಟಿಟ್ಟ ಬುತ್ತಿ ಎಂದು ಹೊರಗಿನವರು ಭಾವಿಸುತ್ತಾರೆ. ಹಾಗಿಲ್ಲ. ನರೇಂದ್ರನಾಥ ದತ್ತ 1884ರಲ್ಲಿ ತಂದೆಯನ್ನು ಕಳೆದುಕೊಂಡಾಗ ಮನೆಯಲ್ಲಿ ಅನ್ನಕ್ಕೂ ತತ್ವಾರವಾಗಿ, ದಯಾಮಯನಾದ ದೇವರೆಂಬ ಮಾತಿನ ಮೇಲೆಯೇ ಅವನಿಗೆ ಸಿಟ್ಟು ಬಂದಿತ್ತು. ಆ ಸಂಶಯವನ್ನು ರಾಮಕೃಷ್ಣರು ಗದರಿಸಿ ಬಾಯಿ ಮುಚ್ಚಿಸಲಿಲ್ಲ. ಹಾಗಾಗಿಯೇ ಅವನು ವಿವೇಕಾನಂದನಾದ. ಕೋಲ್ಕತ್ತದ ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಹೆಚ್ಚು ಕಡಿಮೆ ಐವತ್ತು ವರ್ಷ ದೇವರ ಸಾನ್ನಿಧ್ಯವನ್ನೇ ಅನುಭವಿಸದೆ ಒಳಗಿನ ಕತ್ತಲೆಯಲ್ಲಿ ಅವರು ಬದುಕಿದ್ದರೆಂದು ಜಗತ್ತಿಗೆ ಆಗ ತಿಳಿಯಿತು. ಆದರೂ ರಸ್ತೆಬದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿಕೊಳ್ಳುವ ಕೈ ನಿಲ್ಲಲಿಲ್ಲ. ಸಂಶಯವಿಲ್ಲದಿರುವುದೇ ಭಕ್ತಿಯ ಲಕ್ಷಣ ಎನ್ನುವವರು ಈ ಇಬ್ಬರನ್ನು ನೆನೆಯಬೇಕು.

ಸಾಮಾನ್ಯ ಭಕ್ತರ ನಂಬಿಕೆಯಲ್ಲಿ ಇರುವ ಸ್ವಾತಂತ್ರ್ಯವನ್ನೂ ನಾವು ಗಮನಿಸುವುದಿಲ್ಲ. ಯು.ಆರ್. ಅನಂತಮೂರ್ತಿ ತಮ್ಮ ಪ್ರಬಂಧವೊಂದರಲ್ಲಿ ಚಿತ್ರಕಾರನೊಬ್ಬನಿಂದ ಕೇಳಿದ ಪ್ರಸಂಗ ಹೇಳುತ್ತಾರೆ. ಉತ್ತರದ ರೈತನೊಬ್ಬನ ಗುಡಿಸಿಲಿನಲ್ಲಿ ಕುಂಕುಮ ಹಚ್ಚಿದ ಕಲ್ಲಿತ್ತು. ಬೆಳಕಿಗೆ ತಂದು ಫೋಟೊ ತೆಗೆದ ಮೇಲೆ, ಪೂಜೆಯ ಕಲ್ಲನ್ನು ಅಲುಗಿಸಿ ಅಪಚಾರವಾಯಿತೇನೋ ಎಂದು ಚಿತ್ರಕಾರ ಕಳವಳಪಟ್ಟ. ರೈತ ನಿರಾಳವಾಗಿದ್ದ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂದ. ಯಾವ ಕಲ್ಲೂ ದೇವರಾಗಬಲ್ಲದೆಂದು ತಿಳಿದ ಆ ರೈತನನ್ನು ಮೂಢನೆಂದು ಕರೆಯುವುದು ಸುಲಭವಲ್ಲ. ಆದರೆ ಅನಂತಮೂರ್ತಿಯವರ ಆ ಪ್ರಬಂಧ ಹುಟ್ಟಿದ್ದೇ 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯ ಸಂದರ್ಭದಲ್ಲಿ ನಡೆದ ಘರ್ಷಣೆಯ ಹಿನ್ನೆಲೆಯಲ್ಲಿ. ಭಕ್ತರ ಒಳಗನ್ನು ಅರ್ಥ ಮಾಡಿಕೊಳ್ಳುವುದು ಒಂದು ಹೊಣೆ. ಬಡ ಹೆಣ್ಣುಮಕ್ಕಳ ಮಾನ ಕಾಯುವುದು ಇನ್ನೊಂದು ಹೊಣೆ. ಒಂದಕ್ಕಾಗಿ ಇನ್ನೊಂದನ್ನು ಬಿಡುವಂತಿಲ್ಲ.

ಸಂಶೋಧನೆಯ ಮಾತು

ನಂಬಿಕೆ ಮತ್ತು ನೆಮ್ಮದಿಯ ನಂಟನ್ನು ಸಮಾಜವಿಜ್ಞಾನಿಗಳೂ ಅಳೆದಿದ್ದಾರೆ. ಅಮೆರಿಕದಲ್ಲಿ ಚರ್ಚಿಗೆ ತಪ್ಪದೆ ಹೋಗುವವರು ಬದುಕಿನ ಬಗ್ಗೆ ಹೆಚ್ಚು ತೃಪ್ತರು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. 2010ರಲ್ಲಿ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ಇದರ ಕಾರಣ ಹುಡುಕಿದರು. ಚರ್ಚಿನಲ್ಲಿ ಆಪ್ತ ಗೆಳೆಯರಿದ್ದವರಿಗೆ ಈ ತೃಪ್ತಿ ಸಿಗುತ್ತಿತ್ತು. ಒಬ್ಬರೇ ಹೋಗಿ ಒಬ್ಬರೇ ಬರುವವರಿಗೆ ಅಷ್ಟಾಗಿ ಸಿಗುತ್ತಿರಲಿಲ್ಲ. ಮರುವರ್ಷ ಎಡ್ ಡೀನರ್ ಮತ್ತು ಸಂಗಡಿಗರು ಹಲವು ದೇಶಗಳನ್ನು ಹೋಲಿಸಿದಾಗ, ಬದುಕು ಕಷ್ಟವಿರುವ ಸಮಾಜಗಳಲ್ಲಿ ಧರ್ಮ ನೆಮ್ಮದಿಗೆ ಆಸರೆಯಾಗುವುದು ಕಂಡಿತು. ಅನ್ನ, ಆರೋಗ್ಯ, ಭದ್ರತೆಗಳು ಗಟ್ಟಿಯಾಗಿರುವ ಕಡೆ ನಂಬಿದವರೂ ನಂಬದವರೂ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿದ್ದರು.

ಪ್ರಾರ್ಥನೆಯ ಮೇಲೂ ಪ್ರಯೋಗ ನಡೆದಿದೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಪರಿಚಿತರು ತಮಗಾಗಿ ಪ್ರಾರ್ಥಿಸುತ್ತಿದ್ದರೂ ಅದು ಖಚಿತವಾಗಿ ಗೊತ್ತಿಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದವರಲ್ಲಿ ತೊಡಕುಗಳು ತುಸು ಹೆಚ್ಚೇ ಇದ್ದವು. ಇದರಿಂದ ಪ್ರಾರ್ಥನೆ ವ್ಯರ್ಥ ಎಂದಾಗುವುದಿಲ್ಲ. ಅದು ಔಷಧದಂತೆ ಕೆಲಸ ಮಾಡುತ್ತದೆಂದು ಹೇಳಿಕೊಂಡು ರೋಗಿಗಳಿಂದ ಹಣ ಪಡೆಯುವವರ ಮಾತಿಗೆ ಆಧಾರವಿಲ್ಲ ಎಂದಷ್ಟೇ ಆಗುತ್ತದೆ. ಪ್ರಾರ್ಥಿಸುವವರ ಮನಸ್ಸಿನಲ್ಲಿ ಅದು ತರುವ ಸ್ಥಿರತೆ ಬೇರೆಯೇ ಮಾತು.

ಎರಡೂ ಕಡೆಯ ಅಪಾಯ

ನಂಬಿಕೆಗೆ ಅಧಿಕಾರ ಸಿಕ್ಕಾಗ ಏನಾಗುತ್ತದೆಂದು ನಾವು ನೋಡಿದ್ದೇವೆ. 2013ರಲ್ಲಿ ಪುಣೆಯಲ್ಲಿ ವಿಚಾರವಾದಿ ನರೇಂದ್ರ ದಾಭೋಲ್ಕರ್, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದರು. ಕಲಬುರ್ಗಿಯವರು ಬಾಳೆಲ್ಲ ವಚನಗಳ ಸಂಶೋಧನೆಯಲ್ಲಿ ಕಳೆದವರು. ಪ್ರಶ್ನೆಗೆ ಗುಂಡಿನ ಉತ್ತರ ಬಂದದ್ದು ಬಸವಣ್ಣನ ನಾಡಿನಲ್ಲೇ. ಇನ್ನೊಂದು ಕಡೆ, ಅಪನಂಬಿಕೆಗೆ ಅಧಿಕಾರ ಸಿಕ್ಕಾಗಲೂ ಒಳ್ಳೆಯದಾಗಲಿಲ್ಲ. 1967ರಲ್ಲಿ ಅಲ್ಬೇನಿಯಾ ತನ್ನನ್ನು ನಾಸ್ತಿಕ ರಾಷ್ಟ್ರವೆಂದು ಘೋಷಿಸಿ ಮಸೀದಿ, ಚರ್ಚುಗಳನ್ನೆಲ್ಲ ಮುಚ್ಚಿತು; ಪ್ರಾರ್ಥಿಸಿದವರು ಜೈಲು ಸೇರಿದರು. ಒಬ್ಬರ ಮನಸ್ಸಿನ ಮೇಲೆ ಇನ್ನೊಬ್ಬರು ಸವಾರಿ ಮಾಡುವುದೇ ಈ ಎರಡರಲ್ಲಿಯೂ ಇರುವ ಅಪರಾಧ.

ನಮ್ಮ ಸಂವಿಧಾನ ಇದನ್ನು ಮೊದಲೇ ಕಂಡಿತ್ತು. 25ನೆಯ ವಿಧಿ ಧರ್ಮಾಚರಣೆಯ ಹಕ್ಕಿಗೂ ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೆಸರಿಸುತ್ತದೆ. ಅದರ ಆಧಾರದಲ್ಲಿಯೇ, ತನಗೆ ಯಾವ ಧರ್ಮವೂ ಇಲ್ಲವೆಂದು ಹೇಳುವ ಹಕ್ಕು ಪ್ರಜೆಗಿದೆ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ತೀರ್ಪಿತ್ತಿತು. 1976ರಲ್ಲಿ ಸೇರಿದ 51ಎ(ಎಚ್) ವಿಧಿ ವೈಜ್ಞಾನಿಕ ಮನೋಭಾವವನ್ನು ಪ್ರಜೆಯ ಕರ್ತವ್ಯವಾಗಿಸಿತು. ಮಾನವ ಘನತೆಗೆ ಕುಂದು ತರುವ ಆಚರಣೆಗಳ ವಿರುದ್ಧ ಕರ್ನಾಟಕ 2017ರಲ್ಲಿ ಮಾಡಿದ ಕಾನೂನು 2020ರಿಂದ ಜಾರಿಯಲ್ಲಿದೆ. ಪೂಜೆ, ವ್ರತ, ಜಾತ್ರೆಗಳನ್ನು ಅದು ಮುಟ್ಟುವುದಿಲ್ಲ. ಇನ್ನೊಬ್ಬರ ದೇಹಕ್ಕೂ ಮಾನಕ್ಕೂ ಹಾನಿ ಮಾಡುವುದನ್ನು ತಡೆಯುತ್ತದೆ. ಗೆರೆಯನ್ನು ಅಲ್ಲಿ ಎಳೆದದ್ದು ಸರಿಯಾಗಿದೆ.

ದಿನದ ಬದುಕಿನಲ್ಲಿ

ಉಳಿಯುವುದು ದಿನದ ಬದುಕು. ನಂಬದವರಿಗೆ ನಮ್ಮಲ್ಲಿ ಅತಿ ಹೆಚ್ಚು ಕಾಡುವ ಕೊರತೆ ತರ್ಕದ್ದಲ್ಲ, ಆಚರಣೆಯದ್ದು. ಹುಟ್ಟು, ಮದುವೆ, ಸಾವುಗಳಲ್ಲಿ ಏನು ಮಾಡಬೇಕು? ಮದುವೆಗೆ ದಾರಿಗಳಿವೆ: 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ, ಕುವೆಂಪು ಕೊಟ್ಟ ಮಂತ್ರಮಾಂಗಲ್ಯ. ಸಾವಿನ ನಂತರ ಕಣ್ಣು, ದೇಹಗಳನ್ನು ವೈದ್ಯಕೀಯ ಕಾಲೇಜಿಗೆ ಕೊಡುವ ಪದ್ಧತಿ ಬೆಳೆಯುತ್ತಿದೆ. 2010ರಲ್ಲಿ ಜ್ಯೋತಿ ಬಸು ಅವರ ದೇಹ ಹಾಗೆಯೇ ವಿದ್ಯಾರ್ಥಿಗಳ ಕಲಿಕೆಗೆ ಸಂದಿತು. ಆದರೆ ಉಳಿದವರ ದುಃಖಕ್ಕೆ ಒಂದು ಕೂಟ ಬೇಕು. ತಿಥಿಯೂಟ ಮಾಡುವ ಒಂದು ಕೆಲಸವೆಂದರೆ ಅಗಲಿದವರ ಬಗ್ಗೆ ಬಂಧುಬಳಗ ಒಟ್ಟಿಗೆ ಕುಳಿತು ಮಾತನಾಡುವುದು. ಮಂತ್ರ ಬೇಡದವರು ಆ ಕೂಟವನ್ನೂ ಬೇಡವೆಂದರೆ ಒಂಟಿಯಾಗುತ್ತಾರೆ. ನುಡಿನಮನ, ಅಗಲಿದವರ ಹೆಸರಿನಲ್ಲಿ ಶಾಲೆಗೊಂದು ಪುಸ್ತಕದ ಕಪಾಟು, ವಿದ್ಯಾರ್ಥಿವೇತನ ಇಂಥವನ್ನು ನಾವು ಇನ್ನೂ ಹೆಚ್ಚಾಗಿ ರೂಢಿಗೆ ತರಬೇಕು.

ನಂಬಿದವರಿಗೂ ಒಂದು ಕೊರತೆ ಬೆಳೆಯುತ್ತಿದೆ. ಅಧ್ಯಾತ್ಮ ಈಗ ದೊಡ್ಡ ವ್ಯಾಪಾರ: ಟಿ.ವಿ.ಯ ಬೆಳಗಿನ ಜ್ಯೋತಿಷ್ಯ, ಮೊಬೈಲಿನಲ್ಲಿ ಪೂಜೆಯ ಬುಕಿಂಗ್, ದುಬಾರಿ ಶಿಬಿರಗಳು. ದುಡ್ಡು ಕೊಟ್ಟು ಇನ್ನೊಬ್ಬರಿಂದ ಮಾಡಿಸಿದ ಸಾಧನೆ ಸಾಧನೆಯಾಗದು. ಹೆಗ್ಗಳಿಕೆಯಿಲ್ಲದೆ ದಿನವೂ ಹತ್ತು ನಿಮಿಷ ಸುಮ್ಮನೆ ಕೂರುವುದು, ಒಂದು ಭಜನೆಯನ್ನು ಮನಸ್ಸಿಟ್ಟು ಹಾಡುವುದು, ಉಪವಾಸದ ದಿನ ಹಸಿದವರಿಗೆ ಉಣಿಸುವುದು ಇವಕ್ಕೆ ಶುಲ್ಕವಿಲ್ಲ. ಧ್ಯಾನ ನಂಬದವರಿಗೂ ದಕ್ಕುತ್ತದೆ. ಸತ್ಯನಾರಾಯಣ ಗೋಯೆಂಕಾ ಕಲಿಸಿದ ವಿಪಸ್ಸನದ ಹತ್ತು ದಿನದ ಶಿಬಿರಗಳಲ್ಲಿ ಎಲ್ಲ ಮತದವರೂ, ಯಾವ ಮತವನ್ನೂ ಒಪ್ಪದವರೂ ಮೌನವಾಗಿ ಕುಳಿತು ತಮ್ಮ ಉಸಿರನ್ನು ಗಮನಿಸುತ್ತಾರೆ. ಉಸಿರಿಗೆ ಆಸ್ತಿಕ ನಾಸ್ತಿಕ ಭೇದವಿಲ್ಲ.

ತೀರ್ಮಾನ

ಇಷ್ಟನ್ನೂ ನೋಡಿದ ಮೇಲೆ ನನ್ನ ನಿಲುವು ಸ್ಪಷ್ಟವಾಗಿದೆ. ದೇವರಿದ್ದಾನೆ ಎಂಬುದರಿಂದಾಗಲೀ ಇಲ್ಲ ಎಂಬುದರಿಂದಾಗಲೀ ಬಾಳು ತಾನಾಗಿ ತುಂಬುವುದಿಲ್ಲ. ಅಪ್ಪ ಅಜ್ಜಂದಿರಿಂದ ಯೋಚಿಸದೆ ಪಡೆದ ನಂಬಿಕೆಯೂ, ಗೆಳೆಯರ ಗುಂಪಿನಿಂದ ಯೋಚಿಸದೆ ಪಡೆದ ಅಪನಂಬಿಕೆಯೂ ಕಷ್ಟ ಬಂದ ದಿನ ಕೈಹಿಡಿಯುವುದಿಲ್ಲ. ತಾನೇ ಕೇಳಿ, ತಾನೇ ತೂಗಿ, ತಾನೇ ಬೆಲೆ ತೆತ್ತು ಗಳಿಸಿಕೊಂಡ ನಿಲುವು ಮಾತ್ರ ಹಿಡಿಯುತ್ತದೆ. ಆ ನಿಲುವು ನಿಜವಾದದ್ದೇ ಎಂಬುದಕ್ಕೆ ಒಂದೇ ಪರೀಕ್ಷೆ: ಅದರಿಂದ ನಮ್ಮ ಸುತ್ತಲಿನವರ ಬದುಕು ಹಗುರವಾಯಿತೇ, ಭಾರವಾಯಿತೇ?

ಆದುದರಿಂದ ಓದುಗರಲ್ಲಿ ಒಂದು ಕೋರಿಕೆ. ನೀವು ನಂಬುವವರಾದರೆ ನಿಮ್ಮ ಮನೆಯ ನಂಬದ ಮಗಳನ್ನು ಕೂರಿಸಿಕೊಂಡು ಅವಳ ಕಾರಣಗಳನ್ನು ಕೇಳಿ. ಅವಳನ್ನು ಹಾದಿ ತಪ್ಪಿದವಳೆಂದು ಕರೆಯಬೇಡಿ. ನೀವು ನಂಬದವರಾದರೆ ನಿಮ್ಮ ತಾಯಿಯ ಪೂಜೆಯ ಹಿಂದಿರುವ ಭಯವನ್ನೂ ಪ್ರೀತಿಯನ್ನೂ ತಿಳಿದುಕೊಳ್ಳಿ. ಅವಳನ್ನು ಮೂಢಳೆಂದು ಕರೆಯಬೇಡಿ. ಇನ್ನೊಬ್ಬರನ್ನು ತುಳಿಯುವ ಆಚರಣೆ ಕಂಡಾಗ ಮಾತ್ರ ಇಬ್ಬರೂ ಕೂಡಿ ಎದುರಿಸಿ. ಕುವೆಂಪು ಮತ್ತು ಕಾರಂತರು ಇಬ್ಬರನ್ನೂ ತನ್ನವರೆಂದು ಒಪ್ಪಿಕೊಂಡ ಈ ನಾಡಿಗೆ ಇದು ಹೆಚ್ಚಿನ ಕೆಲಸವೇನಲ್ಲ.